ಗೂಡ್ಸ್ ಗಾಡಿ ದಾಟುವಷ್ಟು ಹೊತ್ತು

ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳುವುದು ಬಿಟ್ಟು ಆರು ವರ್ಷ.
ಕೈಚೀಲದ ತಳದಲ್ಲಿರುತ್ತದೆ,
ನೋವಿನ ಮುಲಾಮು, ಕಡ್ಲೆ-ಬೆಲ್ಲದ ಪೊಟ್ಟಣಗಳ ಅಡಿ.
ಬೇಕೆಂದರೆ ಹುಡುಕಬೇಕು.
ಹುಡುಕುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಅರಸೀಕೆರೆಯ ನಮ್ಮ ಶಾಲೆ ಮೈದಾನಕ್ಕೆ
ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ರೈಲು.
ಎಂಟು ಹುಡುಗಿಯರು ಸಾಲಾಗಿ ಕುಕ್ಕರಗಾಲಲ್ಲಿ,
ಒಬ್ಬಳ ಮುಖ ಗುಡ್ಡಕ್ಕೆ, ಪಕ್ಕದವಳದು ಊರಿಗೆ.

ಮೈಮುನಾ ಬಂದಿದ್ದು ಎಂಟನೇ ಕ್ಲಾಸಿಗೆ.
ಅಪ್ಪ ಎಪಿಎಂಸಿಯಲ್ಲಿ ಕೊಬ್ಬರಿ ಮೂಟೆ ಹೊರುವವರು,
ಮಗಳ ಕಾಲಿಗೆ ಭಾರವೆಂಬುದೇ ಗೊತ್ತಿಲ್ಲ.
ಹೆಸರು ಕೇಳಿದರೆ ಮಾತ್ರ "ಮೈ..." ಅಂದು
ಕತ್ತಲಲ್ಲಿ ಚಿಲಕ ತಡಕುವವಳ ಹಾಗೆ ನಿಲ್ಲುತ್ತಿದ್ದಳು.

ಖೋ ಖೋಗೆ ಕಾಲಿದ್ದರೆ ಸಾಲದು.
ಬೆನ್ನು ಮುಟ್ಟುವ ಕೈ, ಬಾಯಿಯ ಮಾತು
ಎರಡೂ ಒಂದೇ ಗಳಿಗೆಗೆ ಬೀಳಬೇಕು.
ಅವಳ ಕೈ ಬೀಳುತ್ತಿತ್ತು. ಮಾತು ಗಂಟಲಲ್ಲೇ.
ಕೂತವಳು ಏಳುವಂತಿಲ್ಲ,
ಅಷ್ಟರಲ್ಲಿ ಓಡುವವಳು ಕಂಬ ದಾಟಿ ನಗುತ್ತಿದ್ದಳು.

"ಇನ್ನೂರು ಮೀಟರಿಗೆ ಹಾಕಿ ಮಿಸ್ ಆ ಮಗೂನ,
ಅಲ್ಲಿ ಮಾತು ಬೇಕಿಲ್ಲ" ಅಂದರು ಹೆಡ್‌ಮೇಷ್ಟ್ರು.
ತಪ್ಪೇನಿಲ್ಲ.
ಆದರೂ ಅವಳನ್ನೇ ಕೇಳಿದೆ. ತಲೆ ಅಡ್ಡಡ್ಡ ಆಡಿಸಿ
ಸುಣ್ಣದ ಗೆರೆಯೊಳಗೆ ಹೋಗಿ ಕೂತಳು.

ಮೊದಲ ತಿಂಗಳು ನಾನು ಮಾಡಿದ್ದು ಒಂದೇ:
"ಜೋರಾಗಿ! ಇನ್ನೂ ಜೋರಾಗಿ!"
ಕಿರುಚಿದವಳು ನಾನು, ಉಡುಗಿದ್ದು ಅವಳ ದನಿ.

ಹೀಗೇ ಕಿರುಚಿ ಒಮ್ಮೆ ಜಮುನಾಬಾಯಿಯ ಮಂಡಿ ಕಳೆದಿದ್ದೇನೆ.
ಹಾಸನ, ಜಿಲ್ಲಾ ಫೈನಲ್ಲು. "ಊದಿದೆ ಮಿಸ್" ಅಂದಳು.
ಬಟ್ಟೆ ಬಿಗಿದು ಒಳಗೆ ಕಳಿಸಿದೆ.
ಗೆದ್ದೆವು. ಆ ಕಪ್ಪು ಆಫೀಸಿನ ಬೀರುವಲ್ಲಿದೆ,
ಒಳಗೆ ಗುಂಡುಸೂಜಿ ಹಾಕಿಟ್ಟಿದ್ದಾರೆ.
ಅವಳೀಗ ಬಸ್‌ಸ್ಟ್ಯಾಂಡ್ ಹಿಂದೆ ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ,
ಪೆಡಲು ತುಳಿಯುವುದು ಎಡಗಾಲೊಂದೇ.
ನನ್ನ ಸೀರೆಗೆ ಕಾಸು ತಗೊಳ್ಳಲ್ಲ.
ಬೈದಿದ್ದರೆ ಹಗುರಾಗುತ್ತಿದ್ದೆ.

ಒಂದು ಸಂಜೆ ಗೂಡ್ಸ್ ಬಂತು.
ಐವತ್ತೆಂಟು ಡಬ್ಬಿ. ಮೈದಾನದ ತುಂಬ ಕಬ್ಬಿಣ.
ಯಾರ ಮಾತೂ ಯಾರಿಗೂ ಇಲ್ಲ.
ಆಗ ಕಂಡೆ: ಮೈಮುನಾಳ ತುಟಿ ದುಂಡಗಾಯಿತು,
ಕೈ ಬಿತ್ತು, ಕೂತಿದ್ದ ಶೈಲಜಾ ಚಿಮ್ಮಿದಳು.
"ಕೇಳಿಸಿತೇನೇ?"
"ಇಲ್ಲ ಮಿಸ್. ಬೆನ್ನಿಗೆ ಗೊತ್ತಾಯ್ತು."

ಅಲ್ಲಿಂದಾಚೆ ಗೂಡ್ಸಿಗೆ ಕಾಯುವುದೇ ನಮ್ಮ ಅಭ್ಯಾಸ.
ಅದಕ್ಕೆ ಹೊತ್ತುಗೊತ್ತಿಲ್ಲ.
ಕಾದೆವು, ಕಡ್ಲೆ ತಿಂದೆವು,
ಬಂದಾಗ ಅವಳದ್ದೇ ಸರದಿ, ಕೊನೆಯ ಡಬ್ಬಿಯವರೆಗೆ.
ನಾನೇನೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ.
ಇಪ್ಪತ್ತು ವರ್ಷದಲ್ಲಿ ಅಷ್ಟು ಚೆನ್ನಾಗಿ
ಯಾವತ್ತೂ ಕಲಿಸಿದ್ದಿಲ್ಲ.

ಗೌರಿಹಬ್ಬದ ಹಿಂದಿನ ದಿನ
ಗಾರ್ಡಿನ ಡಬ್ಬಿಯೂ ದಾಟಿ ಹೋದ ಮೇಲೆ
ಒಂದು ಖೋ ಉಳಿದಿತ್ತು ಗಾಳಿಯಲ್ಲಿ.
ಎಲ್ಲರೂ ಕೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.
ಅದೊಂದನ್ನು ನಾನು ಹೇಳಿಕೊಟ್ಟಿರಲಿಲ್ಲ.

ತಾಲ್ಲೂಕು ಪಂದ್ಯ ಗಂಡಸಿಯಲ್ಲಿ. ಅಲ್ಲಿ ರೈಲಿಲ್ಲ.
ಒಂಬತ್ತು ಖೋ ಕೊಟ್ಟಳು. ಏಳು ಸರಿ.
ಎಂಟನೆಯದು ಸಿಕ್ಕಿಕೊಂಡಿತು, ರೆಫ್ರಿ ಸೀಟಿ ಊದಿದರು,
ಒಂಬತ್ತನೆಯದಕ್ಕೂ.
ನನ್ನ ಕೈ ಚೀಲದೊಳಗೆ ಹೋಗಿ, ಸುಮ್ಮನೆ ಅಲ್ಲೇ ಇತ್ತು.
ಒಂದು ಪಾಯಿಂಟಿಗೆ ಸೋತೆವು.
"ಆ ಹುಡುಗೀನ ಹೊರಗೆ ಕೂರಿಸಬೇಕಿತ್ತು ನೀವು"
ಅಂದರು ಗೆದ್ದವರ ಕೋಚು, ಒಳ್ಳೆಯ ಮನಸ್ಸಿನಿಂದಲೇ.
ಇದ್ದೀತು.

ವಾಪಸು ಟೆಂಪೋದಲ್ಲಿ ಯಾರೂ ಅಳಲಿಲ್ಲ, ಹಸಿವಾಗಿತ್ತು.
ಪಕ್ಕದಲ್ಲಿ ಮೈಮುನಾ, ಕಿಟಕಿಯಾಚೆ ನೋಡುತ್ತಾ,
"ಮಿಸ್, ನಾ... ನಾಳೆ ಪ್ರಾಕ್ಟೀಸ್ ಇದೆಯಾ?"
ಇಡೀ ವಾಕ್ಯ. ಎಡವಿದ್ದು ಒಂದೇ ಕಡೆ.

ಊರ ಹತ್ತಿರ ಗೇಟು ಹಾಕಿತ್ತು. ನಿಂತೆವು.
ಇದೆ ಅಂದೆ. ಕೇಳಿಸಿತೋ ಇಲ್ಲವೋ,
ಎಂಜಿನ್ನು ಬಂದೇಬಿಟ್ಟಿತ್ತು.
ಹಿಂದಿನ ಸೀಟಿನಲ್ಲಿ ಯಾರೋ ಎಣಿಸತೊಡಗಿದರು,
ಒಂದು, ಎರಡು, ಮೂರು